ವೂಬರ್ನ್ ಬಾವಿಗಳ ಮೊಕದ್ದಮೆ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಬಾಸ್ಟನ್ ನಗರಕ್ಕೆ ಉತ್ತರದಲ್ಲಿರುವ ವೂಬರ್ನ್ ಚರ್ಮ ಹದಮಾಡುವ ಕಾರ್ಖಾನೆಗಳಿಗೆ ಹೆಸರಾಗಿದ್ದ ಊರು. ಅಲ್ಲಿನ ಅಬರ್ಜೋನಾ ನದಿಯ ಪಕ್ಕದಲ್ಲಿ 1964 ಮತ್ತು 1967ರಲ್ಲಿ 'ಜಿ', 'ಎಚ್' ಎಂಬ ಎರಡು ಬಾವಿಗಳನ್ನು ತೋಡಿ, ಮುಖ್ಯವಾಗಿ ಊರಿನ ಪೂರ್ವಭಾಗಕ್ಕೆ ನೀರು ಕೊಡಲಾಯಿತು. ನೀರಿಗೆ ಕೆಟ್ಟ ವಾಸನೆಯಿದೆ ಎಂದು ಜನ ವರ್ಷಗಟ್ಟಲೆ ದೂರಿದರು. 1979ರ ಮೇ ತಿಂಗಳಲ್ಲಿ ಸಮೀಪದ ಖಾಲಿ ಜಾಗದಲ್ಲಿ 184 ಪೀಪಾಯಿಗಳು ಪತ್ತೆಯಾದ ಮೇಲೆ ಬಾವಿಗಳ ಪರೀಕ್ಷೆ ನಡೆಯಿತು. ಲೀಟರಿಗೆ 267 ಮೈಕ್ರೋಗ್ರಾಂ ಟ್ರೈಕ್ಲೋರೋಎಥಿಲೀನ್ ಸಿಕ್ಕಿತು. ಕುಡಿಯುವ ನೀರಿಗೆ ಅಮೆರಿಕ ಆಮೇಲೆ ಗೊತ್ತುಪಡಿಸಿದ ಮಿತಿ 5 ಮೈಕ್ರೋಗ್ರಾಂ. ಬಾವಿಗಳನ್ನು ಕೂಡಲೇ ಮುಚ್ಚಿದರು.

ಟ್ರೈಕ್ಲೋರೋಎಥಿಲೀನ್ ಲೋಹದ ಬಿಡಿಭಾಗಗಳಿಗೆ ಅಂಟಿದ ಎಣ್ಣೆ, ಗ್ರೀಸು ತೆಗೆಯುವ ದ್ರಾವಕ. ಅದು ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ನೆಲಕ್ಕೆ ಚೆಲ್ಲಿದರೆ ಒಂದಷ್ಟು ಆವಿಯಾಗುತ್ತದೆ; ಉಳಿದದ್ದು ಮರಳು, ಜಲ್ಲಿಯ ಸಂದುಗಳಲ್ಲಿ ಇಳಿಯುತ್ತ ಅಂತರ್ಜಲದ ಮಟ್ಟವನ್ನೂ ದಾಟಿ ತಳಕ್ಕೆ ಹೋಗುತ್ತದೆ. ನೀರಿನಲ್ಲಿ ಅದು ಕರಗುವುದು ಬಹಳ ಕಡಿಮೆ. ಆದ್ದರಿಂದಲೇ ಬೇಗ ಮುಗಿಯುವುದೂ ಇಲ್ಲ, ದಶಕಗಳ ಕಾಲ ಸ್ವಲ್ಪಸ್ವಲ್ಪವಾಗಿ ನೀರಿಗೆ ಸೇರುತ್ತಿರುತ್ತದೆ. ಬಿಸಿನೀರಿನ ಸ್ನಾನ ಮಾಡುವಾಗ ಆವಿಯಾಗಿ ಉಸಿರಿನ ಮೂಲಕವೂ ದೇಹ ಸೇರಬಲ್ಲದು.

1969ರಿಂದ 1979ರವರೆಗೆ ವೂಬರ್ನ್‌ನಲ್ಲಿ 12 ಮಕ್ಕಳಿಗೆ ರಕ್ತದ ಕ್ಯಾನ್ಸರ್ ಬಂದಿತ್ತು. ಅಷ್ಟು ಜನಸಂಖ್ಯೆಯ ಊರಿನಲ್ಲಿ ನಿರೀಕ್ಷಿಸಬಹುದಾಗಿದ್ದುದು ಸುಮಾರು ಐದು. ಅದರಲ್ಲೂ ಆರು ಮಕ್ಕಳ ಮನೆಗಳು ಪೂರ್ವಭಾಗದಲ್ಲಿ ಹತ್ತಿರ ಹತ್ತಿರವೇ ಇದ್ದವು. ಇದನ್ನು ಎಲ್ಲರಿಗಿಂತ ಮೊದಲು ಗಮನಿಸಿ ನೀರಿನ ಮೇಲೆ ಸಂಶಯ ಪಟ್ಟವರು ಮಗನ ಚಿಕಿತ್ಸೆಗಾಗಿ ಆಸ್ಪತ್ರೆಗೆ ಅಲೆಯುತ್ತಿದ್ದ ಒಬ್ಬ ತಾಯಿ. ಅವರ ಮಾತಿಗೆ ಬೆಲೆ ಸಿಗಲು ವರ್ಷಗಳೇ ಬೇಕಾದವು.

1982ರಲ್ಲಿ ಎಂಟು ಕುಟುಂಬಗಳು ಬಾವಿಗಳ ಸುತ್ತ ಜಾಗ ಹೊಂದಿದ್ದ ಕಂಪನಿಗಳ ಮೇಲೆ ದಾವೆ ಹೂಡಿದವು. ಅವುಗಳಲ್ಲಿ ಯೂನಿಫರ್ಸ್ಟ್ ಕಂಪನಿ ವಿಚಾರಣೆಗೆ ಮೊದಲೇ ರಾಜಿ ಮಾಡಿಕೊಂಡಿತು. ಡಬ್ಲ್ಯೂ.ಆರ್. ಗ್ರೇಸ್ ಮತ್ತು ಬಿಯಾಟ್ರಿಸ್ ಫುಡ್ಸ್ ಕಂಪನಿಗಳ ವಿರುದ್ಧದ ವಿಚಾರಣೆ 1986ರಲ್ಲಿ 78 ದಿನ ನಡೆಯಿತು. ನ್ಯಾಯಾಧೀಶ ವಾಲ್ಟರ್ ಸ್ಕಿನ್ನರ್ ಪ್ರಕರಣವನ್ನು ಹಂತಗಳಾಗಿ ಒಡೆದರು. ಕಂಪನಿಗಳ ಜಾಗದಿಂದ ರಾಸಾಯನಿಕ ಬಾವಿಗೆ ಬಂತೇ, ಬಂದಿದ್ದರೆ ಯಾವಾಗ ಎಂಬುದು ಮೊದಲ ಹಂತ. ಅದೇ ಕಾಯಿಲೆಗೆ ಕಾರಣವೇ ಎಂಬ ಪ್ರಶ್ನೆ ಆಮೇಲಿನದು. ಕಲಾಪಕ್ಕೆ ಅನುಕೂಲವಾದ ಈ ಏರ್ಪಾಡು ಮಕ್ಕಳ ಸಾವನ್ನೇ ಪ್ರಕರಣದ ಅಂಚಿಗೆ ತಳ್ಳಿತು.

ಮೊದಲ ಹಂತದ ಪ್ರಶ್ನೆಯಾದರೂ ಸುಲಭದ್ದಾಗಿರಲಿಲ್ಲ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ 1985ರ ಕೊನೆಯಲ್ಲಿ ಆ ಬಾವಿಗಳಿಂದ 30 ದಿನ ನೀರೆತ್ತಿ ನೋಡಿದಾಗ, ಸುತ್ತಲಿನ ಅಂತರ್ಜಲದ ಜೊತೆಗೆ ನದಿಯ ನೀರೂ ಗಣನೀಯವಾಗಿ ಬಾವಿಗೆ ಹರಿದು ಬರುತ್ತಿತ್ತು. ಮಣ್ಣಿನ ಪದರ ಬದಲಾದಂತೆ, ಪಂಪು ನಡೆದಷ್ಟು ನಿಂತಷ್ಟು ಕಾಲಕ್ಕೆ ತಕ್ಕಂತೆ, ಹರಿವಿನ ವೇಗವೂ ದಿಕ್ಕೂ ಬದಲಾಗುತ್ತವೆ. ಇಂಥಲ್ಲಿ ಜಲವಿಜ್ಞಾನ ಹೇಳಬಲ್ಲದ್ದು 'ಇಷ್ಟರಿಂದ ಇಷ್ಟು ವರ್ಷ' ಎಂಬ ಅಂದಾಜನ್ನು. ಜ್ಯೂರಿಯನ್ನು ಕೇಳಿದ್ದು ಮಾತ್ರ ತಿಂಗಳು ಮತ್ತು ಇಸವಿ. ಬಿಯಾಟ್ರಿಸ್ ಹೊಣೆಯಲ್ಲವೆಂದೂ ಗ್ರೇಸ್ ನಿರ್ಲಕ್ಷ್ಯ ತೋರಿದೆಯೆಂದೂ ಜ್ಯೂರಿ ಹೇಳಿತು. ಆದರೆ ಅದು ಕೊಟ್ಟ ಉತ್ತರಗಳು ಒಂದಕ್ಕೊಂದು ಹೊಂದುತ್ತಿಲ್ಲವೆಂದು ನ್ಯಾಯಾಧೀಶರು ಗ್ರೇಸ್ ವಿರುದ್ಧ ಮರುವಿಚಾರಣೆಗೆ ಆದೇಶಿಸಿದರು. ಅಷ್ಟರಲ್ಲಿ ಗ್ರೇಸ್ 80 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. ವೈದ್ಯಕೀಯ ಸಾಕ್ಷ್ಯ ಜ್ಯೂರಿಯ ಮುಂದೆ ಬರಲೇ ಇಲ್ಲ.

ನ್ಯಾಯಾಲಯ ಕೇಳದೆ ಬಿಟ್ಟ ಪ್ರಶ್ನೆಯನ್ನು ರಾಜ್ಯದ ಆರೋಗ್ಯ ಇಲಾಖೆ ಎತ್ತಿಕೊಂಡಿತು. ಮಗು ತಾನೇ ಕುಡಿದ ನೀರಿಗಿಂತ, ಗರ್ಭಿಣಿಯಾಗಿದ್ದಾಗ ತಾಯಿ ಕುಡಿದ ನೀರಿಗೂ ಕಾಯಿಲೆಗೂ ನಂಟು ಹೆಚ್ಚಾಗಿ ಕಾಣುತ್ತದೆ ಎಂದು ಅದರ ಅಧ್ಯಯನ ತೋರಿಸಿತು. ರೋಗಿಗಳ ಸಂಖ್ಯೆ ಚಿಕ್ಕದಾದ್ದರಿಂದ ಅಂದಾಜಿನಲ್ಲಿ ಅನಿಶ್ಚಿತತೆ ದೊಡ್ಡದಾಗಿಯೇ ಉಳಿಯಿತು. 2012ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಟ್ರೈಕ್ಲೋರೋಎಥಿಲೀನ್ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುವೆಂದು ವರ್ಗೀಕರಿಸಿತು. ಅದಕ್ಕೆ ಆಧಾರವಾದದ್ದು ಮೂತ್ರಪಿಂಡದ ಕ್ಯಾನ್ಸರ್ ಕುರಿತ ಪುರಾವೆ. ರಕ್ತದ ಕ್ಯಾನ್ಸರಿನ ವಿಚಾರದಲ್ಲಿ ಪುರಾವೆ ಅಷ್ಟು ಗಟ್ಟಿಯಾಗಿಲ್ಲ.