ಹುಲಿಗೆ ಮೊದಲು ಪಿಕಳಾರ

ಮನುಷ್ಯನ ಹಿಡಿತದಲ್ಲಿಲ್ಲದ ಪ್ರಾಣಿ, ಪಕ್ಷಿ, ಕೀಟ, ಸರೀಸೃಪಗಳನ್ನು ಅವುಗಳ ನೆಲೆಯಲ್ಲೇ, ಅವು ಬದುಕುವ ಬಗೆಯಲ್ಲೇ ತೆಗೆದು ತೋರಿಸುವುದು ವನ್ಯಜೀವಿ ಛಾಯಾಗ್ರಹಣ. ಬಂಡೆ, ಮುಗಿಲು, ಮಿಂಚುಗಳನ್ನೂ ಒಳಗೊಂಡರೆ ಅದು ನಿಸರ್ಗ ಛಾಯಾಗ್ರಹಣ. ಛಾಯಾಚಿತ್ರ ಸ್ಪರ್ಧೆಗಳಿಗೆ ಮಾನ್ಯತೆ ನೀಡುವ ಎಫ್‌ಐಎಪಿ, ಅಮೆರಿಕದ ಪಿಎಸ್‌ಎ, ಬ್ರಿಟನ್ನಿನ ಆರ್‌ಪಿಎಸ್ ಸಂಸ್ಥೆಗಳು 2015ರ ಹೊತ್ತಿಗೆ ಇವುಗಳಿಗೆ ಒಂದೇ ವ್ಯಾಖ್ಯೆಯನ್ನು ಒಪ್ಪಿಕೊಂಡವು. ಅದರ ಪ್ರಕಾರ ಮೃಗಾಲಯದ ಹುಲಿ ವನ್ಯಜೀವಿ ವಿಭಾಗಕ್ಕೆ ಸಲ್ಲದು. ಸಾಕಿದ ನಾಯಿ, ತೋಟದಲ್ಲಿ ಬೆಳೆಸಿದ ಗುಲಾಬಿ ನಿಸರ್ಗ ವಿಭಾಗಕ್ಕೂ ಸಲ್ಲವು. ಮನುಷ್ಯ ಕಟ್ಟಿದ ವಸ್ತು ಚಿತ್ರದಲ್ಲಿ ಕಾಣಬಾರದು. ಆದರೆ ಪಾಳುಮನೆಯಲ್ಲಿ ವಾಸಿಸುವ ಗೂಬೆಯ ಹಾಗೆ ಆ ಕಟ್ಟಡವೇ ಜೀವಿಯ ಕಥೆಯ ಭಾಗವಾಗಿದ್ದರೆ ಅಡ್ಡಿಯಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಷರತ್ತೆಂದರೆ, ಚಿತ್ರದ ಅಂದಕ್ಕಿಂತ ಅದು ಹೇಳುವ ಕಥೆಗೆ ಹೆಚ್ಚು ತೂಕ. ಹೊಸದಾಗಿ ಕ್ಯಾಮೆರಾ ಕೊಂಡವರು ಈ ನಿಯಮಗಳನ್ನು ಸಾಮಾನ್ಯವಾಗಿ ಮೊದಲ ಸ್ಪರ್ಧೆಯಲ್ಲಿ ಚಿತ್ರ ತಿರಸ್ಕೃತವಾದ ಮೇಲೆ ಓದುತ್ತಾರೆ. ಪಾಠ ಶುರುವಾಗಬೇಕಾದದ್ದೇ ಅಲ್ಲಿಂದ.

ಈ ಕಲೆಗೆ ನೂರಿಪ್ಪತ್ತೈದು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರಿ ಕೀರ್ಟನ್ ಸಹೋದರರು 1895ರಲ್ಲಿ ಹಕ್ಕಿಗೂಡುಗಳ ಕುರಿತ ಪುಸ್ತಕವೊಂದನ್ನು ಪೂರ್ತಿ ಛಾಯಾಚಿತ್ರಗಳೊಂದಿಗೆ ಹೊರತಂದರು. ಹಕ್ಕಿಗಳಿಗೆ ಅನುಮಾನ ಬಾರದಿರಲೆಂದು ಅವರು ಎತ್ತಿನ ಚರ್ಮದಿಂದ ಟೊಳ್ಳು ಎತ್ತೊಂದನ್ನು ಮಾಡಿಸಿ ಅದರೊಳಗೆ ಕೂತು ಚಿತ್ರ ತೆಗೆದದ್ದೂ ಉಂಟು. ಅಮೆರಿಕದ ಜಾರ್ಜ್ ಶಿರಾಸ್ ರಾತ್ರಿಯ ಹೊತ್ತು ಮಿಂಚುಬೆಳಕು ಹಾಯಿಸಿ ತೆಗೆದ ಜಿಂಕೆ ಮುಂತಾದ ಪ್ರಾಣಿಗಳ ಚಿತ್ರಗಳನ್ನು ನ್ಯಾಷನಲ್ ಜಿಯೋಗ್ರಾಫಿಕ್ ಪತ್ರಿಕೆ 1906ರ ಜುಲೈ ಸಂಚಿಕೆಯಲ್ಲಿ ಪ್ರಕಟಿಸಿತು. ಭಾರತದಲ್ಲಿ ಈ ಹಾದಿ ತೆರೆದವರು ಸಂಯುಕ್ತ ಪ್ರಾಂತದ ಅರಣ್ಯಾಧಿಕಾರಿ ಎಫ್.ಡಬ್ಲ್ಯು. ಚಾಂಪಿಯನ್. ಬೇಟೆಯೇ ಶೋಕಿಯಾಗಿದ್ದ ಕಾಲದಲ್ಲಿ ಅವರು ಕೋವಿ ಬಿಟ್ಟು ಕ್ಯಾಮೆರಾ ಹಿಡಿದರು. ಕಾಡುದಾರಿಗೆ ಅಡ್ಡಲಾಗಿ ತಂತಿ ಕಟ್ಟಿ, ಹುಲಿಯ ಕಾಲು ತಾಗಿದರೆ ಅದೇ ತನ್ನ ಚಿತ್ರ ತೆಗೆದುಕೊಳ್ಳುವಂತೆ ಮಾಡಿದರು. 1927ರಲ್ಲಿ ಅವರ ಪುಸ್ತಕ ಬಂತು. ಒಂದು ಹುಲಿಯ ಪಟ್ಟೆ ಇನ್ನೊಂದರಂತೆ ಇರುವುದಿಲ್ಲ ಎಂಬುದು ಅವರಿಗೆ ಆ ಚಿತ್ರಗಳಿಂದಲೇ ತಿಳಿಯಿತು. ಸುಮಾರು ಏಳು ದಶಕಗಳ ಬಳಿಕ ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು ಹುಲಿಗಳ ಸಂಖ್ಯೆ ಅಂದಾಜು ಮಾಡಿದ್ದು ಇದೇ ಪಟ್ಟೆಗಳ ಆಧಾರದ ಮೇಲೆ.

ಕರ್ನಾಟಕಕ್ಕೆ ಈ ಕ್ಷೇತ್ರದಲ್ಲಿ ತನ್ನದೇ ಪರಂಪರೆಯಿದೆ. ಕಪ್ಪು-ಬಿಳುಪಿನಲ್ಲೇ ಕೊನೆಯವರೆಗೂ ಕೆಲಸ ಮಾಡಿದ ಎಂ. ಕೃಷ್ಣನ್ ಮದರಾಸಿನವರಾದರೂ 1940ರ ದಶಕದಲ್ಲಿ ಸಂಡೂರು ಸಂಸ್ಥಾನದ ನೌಕರಿಯಲ್ಲಿದ್ದರು. ಬೆಂಗಳೂರಿನ ಇ. ಹನುಮಂತರಾವ್ ಮತ್ತು ಟಿ.ಎನ್.ಎ. ಪೆರುಮಾಳ್ (1932–2017) ಫಿಲ್ಮ್ ಯುಗದ ದೊಡ್ಡ ಹೆಸರುಗಳು. ಪೆರುಮಾಳ್ ಅವರ ಕಾಣಿಕೆಯನ್ನು ಅವರ ಚಿತ್ರಗಳಿಂದ ಮಾತ್ರ ಅಳೆಯಲಾಗದು. ಇಂದು ಹೆಸರು ಮಾಡಿರುವ ಹಲವರು ಅವರ ಪಕ್ಕದಲ್ಲಿ ಕೂತು ಕಲಿತವರು. ಮೂಡಿಗೆರೆಯ ತೋಟದಲ್ಲಿ ಕೂತು ಹಕ್ಕಿಗಳ ಚಿತ್ರ ತೆಗೆದ ಪೂರ್ಣಚಂದ್ರ ತೇಜಸ್ವಿ ಕನ್ನಡ ಓದುಗರಿಗೆ ಈ ಹವ್ಯಾಸದ ರುಚಿ ಹತ್ತಿಸಿದರು. ಕೃಪಾಕರ–ಸೇನಾನಿ ಜೋಡಿ ಸೀಳುನಾಯಿಗಳ ಹಿಂದೆ ವರ್ಷಗಟ್ಟಲೆ ಅಲೆದು ಮಾಡಿದ ‘ದಿ ಪ್ಯಾಕ್’ ಚಿತ್ರಕ್ಕೆ 2010ರಲ್ಲಿ ಗ್ರೀನ್ ಆಸ್ಕರ್ ಎಂದೇ ಕರೆಯುವ ಪಾಂಡಾ ಪ್ರಶಸ್ತಿ ಬಂತು.

ಕಲಿಯಲು ಬರುವವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಲೆನ್ಸಿನದು. 600 ಮಿ.ಮೀ.ನ ವೃತ್ತಿಪರ ಲೆನ್ಸ್ ಒಂದಕ್ಕೇ ಹತ್ತು ಲಕ್ಷ ರೂಪಾಯಿ ಮೀರುತ್ತದೆ. ವಿದ್ಯಾರ್ಥಿಗೆ ಅದರ ಅಗತ್ಯವಿಲ್ಲ. ಸಣ್ಣ ಸೆನ್ಸರಿನ ಕ್ಯಾಮೆರಾ, ಅದಕ್ಕೊಂದು 100–400 ಅಥವಾ 150–600 ಮಿ.ಮೀ. ಜೂಮ್ ಇದ್ದರೆ ಕೆಲವು ವರ್ಷಗಳ ಕಲಿಕೆಗೆ ಸಾಕು. ಸೆಕೆಂಡ್ ಹ್ಯಾಂಡ್ ಆದರೂ ಸರಿ, ಬಾಡಿಗೆಯದಾದರೂ ಸರಿ. ಸಣ್ಣ ಸೆನ್ಸರಿನಲ್ಲಿ ನೋಟದ ಕೋನ ಕಿರಿದಾಗುವುದರಿಂದ 400 ಮಿ.ಮೀ. ಲೆನ್ಸ್ ಸುಮಾರು 600ರಷ್ಟು ಹತ್ತಿರ ತಂದಂತೆ ಕಾಣುತ್ತದೆ. ಕೈಯ ನಡುಕವೂ ಅಷ್ಟೇ ಹಿಗ್ಗಿ ಕಾಣುತ್ತದೆ. ಆದ್ದರಿಂದ ಕೈಯಲ್ಲಿ ಹಿಡಿದು ತೆಗೆಯುವಾಗ ಶಟರ್ ವೇಗ ಸೆಕೆಂಡಿನ 1/600ಕ್ಕಿಂತ ಕಡಿಮೆ ಇರದಂತೆ ನೋಡಿಕೊಳ್ಳುವುದು ಹಳೆಯ ಲೆಕ್ಕ. ಈಗಿನ ನಡುಕ ನಿವಾರಕ ಲೆನ್ಸುಗಳು ಈ ಲೆಕ್ಕವನ್ನು ಸಡಿಲಿಸಿವೆ, ಆದರೆ ಅವು ನಿಲ್ಲಿಸುವುದು ಕೈಯ ನಡುಕವನ್ನು ಮಾತ್ರ, ಹಕ್ಕಿಯ ರೆಕ್ಕೆಯನ್ನಲ್ಲ. ಹಾರುವ ಸಣ್ಣ ಹಕ್ಕಿಗೆ 1/2000 ಅಥವಾ ಇನ್ನೂ ಹೆಚ್ಚಿನ ವೇಗ ಬೇಕು. ಸಫಾರಿ ಜೀಪಿನಲ್ಲಿ ಟ್ರೈಪಾಡಿಗೆ ಜಾಗವಿರುವುದಿಲ್ಲ. ಅಕ್ಕಿಯನ್ನೋ ಕಾಳನ್ನೋ ತುಂಬಿದ ಬಟ್ಟೆಯ ಬೀನ್ ಬ್ಯಾಗ್ ಅಲ್ಲಿ ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಉಪಯೋಗದ ಸಾಧನ.

ಶಟರ್, ಅಪರ್ಚರ್, ಐಎಸ್‌ಒ ಮೂರರ ಸಂಬಂಧ ಒಂದೆರಡು ವಾರದಲ್ಲಿ ಅರ್ಥವಾಗುತ್ತದೆ. ತಿಂಗಳುಗಟ್ಟಲೆ ಕಾಡುವುದು ಬೆಳಕಿನ ಅಳತೆ. ಕ್ಯಾಮೆರಾದ ಮೀಟರ್ ಎದುರಿಗಿರುವುದೆಲ್ಲ ನಡುಬೂದು ಬಣ್ಣದ್ದೆಂದು ಭಾವಿಸಿ ಲೆಕ್ಕ ಹಾಕುತ್ತದೆ. ಫ್ರೇಮಿನ ತುಂಬ ಬೆಳ್ಳಕ್ಕಿಯಿದ್ದರೆ ಅದನ್ನೂ ಬೂದಾಗಿಸಲು ಹೊರಡುವುದರಿಂದ, ಬಿಳಿ ಬಿಳಿಯಾಗಿ ಉಳಿಯಲು ಬೆಳಕನ್ನು ಸುಮಾರು ಒಂದು ಸ್ಟಾಪ್ ಹೆಚ್ಚಿಸಬೇಕು. ಇಷ್ಟನ್ನು ಬಾಯಿಪಾಠ ಮಾಡಿಕೊಂಡ ವಿದ್ಯಾರ್ಥಿ ಮರುದಿನ ಎಡವುತ್ತಾನೆ. ಅದೇ ಬೆಳ್ಳಕ್ಕಿ ಕಪ್ಪು ನೀರಿನ ನಡುವೆ ದೂರದಲ್ಲಿ ಪುಟ್ಟದಾಗಿ ನಿಂತಾಗ ಮೀಟರ್ ನೀರನ್ನು ನೋಡಿ ಬೆಳಕು ಏರಿಸಿಬಿಡುತ್ತದೆ, ಹಕ್ಕಿಯ ಗರಿಗಳೆಲ್ಲ ಸುಟ್ಟು ಸುಣ್ಣದ ಗೋಡೆಯಂತಾಗುತ್ತವೆ. ಆಗ ಬೆಳಕನ್ನು ಇಳಿಸಬೇಕು. ಕಾಟಿ, ಕರಡಿ, ಆನೆ ಫ್ರೇಮನ್ನು ತುಂಬಿದಾಗಲೂ ಇಳಿಸಬೇಕು, ಇಲ್ಲವಾದರೆ ಕಪ್ಪು ಮೈ ಮಾಸಿದ ಬೂದಾಗುತ್ತದೆ. ಹಕ್ಕಿಯ ಬಣ್ಣಕ್ಕಿಂತ ಫ್ರೇಮಿನಲ್ಲಿ ಯಾವ ಬಣ್ಣ ಎಷ್ಟು ಜಾಗ ಹಿಡಿದಿದೆ ಎಂಬುದನ್ನು ನೋಡುವ ಈ ಅಭ್ಯಾಸ ಪುಸ್ತಕದಿಂದ ಬರುವುದಿಲ್ಲ. ಊರ ಕೆರೆಯಂಚಿನಲ್ಲಿ ಬೆಳ್ಳಕ್ಕಿ, ನೀರುಕಾಗೆಗಳನ್ನು ಬಿಸಿಲಿಗೂ ನೆರಳಿಗೂ ತೆಗೆದು, ಪ್ರತಿ ಸಲ ಹಿಸ್ಟೋಗ್ರಾಮ್ ನೋಡಿದರೆ ಬರುತ್ತದೆ.

ಮೊದಲ ವರ್ಷ ಹುಲಿಯ ಹಿಂದೆ ಹೋಗಬಾರದು ಎಂದು ಅನುಭವಿಗಳು ಹೇಳುವುದಕ್ಕೆ ಕಾರಣ ಇದೇ. ಸಫಾರಿಯಲ್ಲಿ ವಾಹನ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎನ್ನುವುದು ಚಾಲಕನ ಕೈಯಲ್ಲಿರುತ್ತದೆ. ಬೆಳಕು, ಹಿನ್ನೆಲೆ, ಎತ್ತರ ಯಾವುದನ್ನೂ ವಿದ್ಯಾರ್ಥಿ ಆರಿಸಿಕೊಳ್ಳುವಂತಿಲ್ಲ. ಹುಲಿ ಕಂಡರೂ ಅರ್ಧ ನಿಮಿಷ. ಇದಕ್ಕೆಲ್ಲ ಪ್ರವೇಶ ಶುಲ್ಕ, ಕ್ಯಾಮೆರಾ ಶುಲ್ಕ ತೆತ್ತಿರಬೇಕು. ಹಿತ್ತಲಿನ ಪಿಕಳಾರವಾದರೋ ದಿನವೂ ಅದೇ ಕೊಂಬೆಗೆ ಬರುತ್ತದೆ. ಬೆಳಗಿನ ಓರೆಬಿಸಿಲಿನಲ್ಲಿ, ಮೋಡದಲ್ಲಿ, ಮಳೆಯಲ್ಲಿ ಅದನ್ನು ತೆಗೆಯಬಹುದು. ನೆಲಕ್ಕೆ ಕೂತು ಹಕ್ಕಿಯ ಕಣ್ಣಿನ ಮಟ್ಟಕ್ಕೆ ಲೆನ್ಸ್ ಇಳಿಸಿದರೆ ಹಿನ್ನೆಲೆ ದೂರ ಸರಿದು ಹೇಗೆ ನಯವಾಗುತ್ತದೆ ಎಂದು ಪ್ರಯೋಗ ಮಾಡಬಹುದು. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳು ಹಕ್ಕಿಯ ಕಣ್ಣನ್ನು ತಾವೇ ಹುಡುಕಿ ಫೋಕಸ್ ಮಾಡುತ್ತವೆ. ಫೋಕಸಿನ ಕಷ್ಟ ಕಡಿಮೆಯಾದಷ್ಟೂ ಉಳಿದ ಕೆಲಸ, ಅಂದರೆ ಜೀವಿಯನ್ನು ಅರಿಯುವ ಕೆಲಸ, ಎದ್ದು ಕಾಣತೊಡಗಿದೆ.

ಆ ಅರಿವಿನ ಫಲ ಚಿತ್ರದಲ್ಲಿ ನೇರವಾಗಿ ಕಾಣುತ್ತದೆ. ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಮೇಲೇಳುತ್ತವೆ, ಎದುರಾಗಿಯೇ ಇಳಿಯುತ್ತವೆ. ಹಾಗಾಗಿ ಗಾಳಿಯನ್ನೂ ಬಿಸಿಲನ್ನೂ ಬೆನ್ನಿಗೆ ಹಾಕಿಕೊಂಡು ನಿಂತವನ ಕಡೆಗೆ ಹಕ್ಕಿ ಮುಖ ಮಾಡಿ ಬರುತ್ತದೆ; ತದ್ವಿರುದ್ಧ ದಿಕ್ಕಿನಲ್ಲಿ ನಿಂತವನಿಗೆ ಸಿಗುವುದು ಬಾಲ. ಹಲವು ಹಕ್ಕಿಗಳು ಹಾರುವ ಮುನ್ನ ಹಿಕ್ಕೆ ಹಾಕುತ್ತವೆ, ಶಟರಿನ ಮೇಲಿನ ಬೆರಳಿಗೆ ಅದೇ ಸೂಚನೆ. ಮಿಂಚುಳ್ಳಿ ಮೀನು ಹಿಡಿದು ಹೆಚ್ಚಾಗಿ ಅದೇ ಕೊಂಬೆಗೆ ಮರಳುವುದರಿಂದ ಫೋಕಸನ್ನು ಮೊದಲೇ ಕೊಂಬೆಗೆ ಕಟ್ಟಿಡಬಹುದು. ಕಾಡಿನಲ್ಲಿ ಜಿಂಕೆ, ಮುಸುವಗಳ ಎಚ್ಚರಿಕೆ ಕೂಗನ್ನು ಗುರುತಿಸುವವನಿಗೆ ಚಿರತೆಯ ದಿಕ್ಕು ಉಳಿದವರಿಗಿಂತ ಮೊದಲೇ ತಿಳಿಯುತ್ತದೆ.

ಅಭ್ಯಾಸಕ್ಕೆ ಕರ್ನಾಟಕದಲ್ಲಿ ಜಾಗಗಳಿಗೆ ಬರವಿಲ್ಲ. ಸಲೀಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ ದೋಣಿಯಿಂದ ಕೊಕ್ಕರೆ, ಹೆಜ್ಜಾರ್ಲೆಗಳು ಹತ್ತಿರದಲ್ಲೇ ಸಿಗುತ್ತವೆ. ಅಲುಗುವ ದೋಣಿಯಲ್ಲಿ ಲೆನ್ಸ್ ನಿಲ್ಲಿಸುವುದೇ ಅಲ್ಲಿನ ಪಾಠ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗದ ಓಟವನ್ನು ಪ್ಯಾನಿಂಗ್ ಮಾಡಿ ಕಲಿಯಬಹುದು: ಶಟರನ್ನು 1/30ರ ಆಸುಪಾಸಿಗೆ ಇಳಿಸಿ ಪ್ರಾಣಿಯ ಜತೆಗೇ ಕ್ಯಾಮೆರಾ ತಿರುಗಿಸಿದರೆ ಹಿನ್ನೆಲೆ ಮಾತ್ರ ಗೆರೆಗೆರೆಯಾಗುತ್ತದೆ. ಗಣೇಶಗುಡಿಯಲ್ಲಿ ಹಕ್ಕಿಗಳು ಬರುವ ನೀರಿನ ತೊಟ್ಟಿಗಳ ಎದುರು ಮರೆಯಲ್ಲಿ ಕೂರುವ ವ್ಯವಸ್ಥೆಯಿದೆ. ದರೋಜಿ ಕರಡಿಧಾಮದಲ್ಲಿ ಬಂಡೆಗೆ ಸವರಿದ ಬೆಲ್ಲದ ಪಾಕಕ್ಕೆ ಕರಡಿಗಳು ಇಳಿದು ಬರುತ್ತವೆ. ಬಂಡೆ ನೆಕ್ಕುವ ಕರಡಿಯ ಚಿತ್ರ ಚೆನ್ನಾಗಿಯೇ ಬರುತ್ತದೆ, ಆದರೆ ಅದು ಹೇಳುವ ಕಥೆ ಬೆಲ್ಲದ್ದೋ ಕರಡಿಯದೋ ಎಂದು ವಿದ್ಯಾರ್ಥಿ ಕೇಳಿಕೊಂಡರೆ ಒಳ್ಳೆಯದು.

ದೂರದ ಊರಿಗೆ ಹೋಗಲಾರದವರಿಗೆ ಮ್ಯಾಕ್ರೊ ಇದೆ. ಕೀಟ ತನ್ನ ನಿಜಗಾತ್ರದಲ್ಲಿ ಸೆನ್ಸರಿನ ಮೇಲೆ ಮೂಡುವಷ್ಟು ಹತ್ತಿರ ಹೋದಾಗ ಅಪರ್ಚರ್ ಎಫ್8ರಲ್ಲಿದ್ದರೂ ಸ್ಪಷ್ಟವಾಗಿ ಕಾಣುವ ಆಳ ಸುಮಾರು 1 ಮಿ.ಮೀ. ಮಾತ್ರ. ಜೇಡದ ಕಣ್ಣು ಫೋಕಸಿನಲ್ಲಿದ್ದರೆ ಕಾಲು ಮಂಜಾಗಿರುತ್ತದೆ. ಉಸಿರು ಬಿಗಿಹಿಡಿದು ಮೈಯನ್ನೇ ಹಿಂದೆ ಮುಂದೆ ತೂಗಿ ಫೋಕಸ್ ಹುಡುಕುವುದು ಇಲ್ಲಿನ ರೂಢಿ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವೈಲ್ಡ್‌ಲೈಫ್ ಫೋಟೊಗ್ರಾಫರ್ ಆಫ್ ದಿ ಇಯರ್ ಸ್ಪರ್ಧೆಯ 2021ರ ಕಿರಿಯರ ಪ್ರಶಸ್ತಿ ಬೆಂಗಳೂರಿನ 10 ವರ್ಷದ ಬಾಲಕನಿಗೆ ಬಂತು. ಗೋಡೆಯ ಸಂದಿನಲ್ಲಿ ಬಲೆ ನೇಯ್ದಿದ್ದ ಜೇಡ ಅವನ ವಸ್ತು. ಹಿಂದೆ ಹಾದುಹೋದ ಆಟೊರಿಕ್ಷಾದ ಬಣ್ಣವೇ ಹಿನ್ನೆಲೆ.

ನೀತಿಯ ಪಾಠ ತಂತ್ರದ ಪಾಠದಿಂದ ಬೇರೆಯಲ್ಲ. ಈ ಕಲೆ ಕೀರ್ಟನ್ ಸಹೋದರರ ಕಾಲದಲ್ಲಿ ಗೂಡಿನ ಬಳಿಯೇ ಹುಟ್ಟಿತು; ಇಂದು ಭಾರತದ ಹಲವು ಸ್ಪರ್ಧೆಗಳು, ಪಕ್ಷಿಪ್ರಿಯರ ಬಳಗಗಳು ಗೂಡಿನ ಚಿತ್ರವನ್ನು ಒಪ್ಪುವುದಿಲ್ಲ. ಅಡ್ಡ ಬಂದ ಎಲೆ, ಟೊಂಗೆ ಸರಿಸಿದರೆ ಮರಿಗಳು ಬಿಸಿಲಿಗೂ ಕಾಗೆಯ ಕಣ್ಣಿಗೂ ತೆರೆದುಕೊಳ್ಳುತ್ತವೆ. ತಾಯಿಹಕ್ಕಿ ಗೂಡನ್ನೇ ತೊರೆಯಬಹುದು. ಕಾನೂನೂ ಇಲ್ಲಿ ಕಠಿಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ಯ ವ್ಯಾಖ್ಯೆಯೊಳಗೇ ಕಾಡುಹಕ್ಕಿಯ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಮೊಬೈಲಿನಲ್ಲಿ ಕೂಗಿನ ಧ್ವನಿಮುದ್ರಿಕೆ ನುಡಿಸಿ ಹಕ್ಕಿಯನ್ನು ಕರೆಸುವುದು, ಕಪ್ಪೆಯನ್ನು ಹಿಡಿದು ಅಂದದ ಎಲೆಯ ಮೇಲೆ ಕೂರಿಸುವುದು, ಕಾಡುಪಾಪದ ಕಣ್ಣಿಗೆ ಮತ್ತೆ ಮತ್ತೆ ಫ್ಲಾಶ್ ಹೊಡೆಯುವುದು, ಅಪರೂಪದ ಜೀವಿ ಸಿಕ್ಕ ಜಾಗವನ್ನು ಜಾಲತಾಣದಲ್ಲಿ ಸಾರುವುದು, ಇವೆಲ್ಲ ಹೊಸಬರಿಗೆ ಸಣ್ಣ ಉಪಾಯಗಳಂತೆ ಕಾಣುತ್ತವೆ. ಜೀವಿಯ ಪಾಲಿಗೆ ಅವು ಸಣ್ಣವಲ್ಲ.

ಚಿತ್ರದ ಸಾಚಾತನಕ್ಕೂ ಪರೀಕ್ಷೆಯಿದೆ. ಲಂಡನ್ ಸ್ಪರ್ಧೆಯ 2009ರ ಅಗ್ರಪ್ರಶಸ್ತಿ ಬೇಲಿಯ ಗೇಟನ್ನು ಜಿಗಿಯುವ ತೋಳದ ಚಿತ್ರಕ್ಕೆ ಬಂದಿತ್ತು. ತೋಳ ಪಳಗಿಸಿದ್ದಿರಬೇಕೆಂದು ತೀರ್ಪುಗಾರರು ತೀರ್ಮಾನಿಸಿ 2010ರ ಜನವರಿಯಲ್ಲಿ ಅದನ್ನು ಹಿಂಪಡೆದರು; ಛಾಯಾಗ್ರಾಹಕ ಆರೋಪವನ್ನು ಒಪ್ಪಲಿಲ್ಲ. ಇಂಥ ಅನುಮಾನಗಳಿಂದಾಗಿ ಹಲವು ದೊಡ್ಡ ಸ್ಪರ್ಧೆಗಳು ಅಂತಿಮ ಸುತ್ತಿಗೆ ಬಂದವರಿಂದ ಕ್ಯಾಮೆರಾದ ಮೂಲ ರಾ ಫೈಲ್ ಕೇಳುತ್ತವೆ. ಕಂಪ್ಯೂಟರಿನಲ್ಲಿ ಚಿತ್ರವನ್ನು ಕತ್ತರಿಸುವುದು, ಬೆಳಕು-ಬಣ್ಣ ಹದಗೊಳಿಸುವುದು, ಧೂಳಿನ ಕಲೆ ಅಳಿಸುವುದು, ಹಲವು ಫೋಕಸಿನ ಚಿತ್ರಗಳನ್ನು ಒಂದಾಗಿಸುವುದು ನಿಸರ್ಗ ವಿಭಾಗದಲ್ಲಿ ಒಪ್ಪಿತ. ಇದ್ದ ಕಡ್ಡಿಯನ್ನು ತೆಗೆಯುವುದು, ಇಲ್ಲದ ಚಂದ್ರನನ್ನು ಸೇರಿಸುವುದು ನಿಷಿದ್ಧ.

ಈ ವಿದ್ಯೆ ಕಲಿಸುವ ದಾರಿಗಳಲ್ಲಿ ಕಾಲೇಜಿನ ಪಾಲು ಕಡಿಮೆ. ಬೆಂಗಳೂರಿನಲ್ಲಿ 1971ರಿಂದ ಇರುವ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಸಂಘಗಳು ಕಾರ್ಯಾಗಾರ, ಪ್ರವಾಸ, ಸದಸ್ಯರ ಚಿತ್ರಗಳ ವಿಮರ್ಶೆ ನಡೆಸುತ್ತವೆ. ಅದರಲ್ಲಿ ವಿದ್ಯಾರ್ಥಿಗೆ ಹೆಚ್ಚು ಉಪಯೋಗದ್ದು ವಿಮರ್ಶೆ. ಜಾಲತಾಣದ ಮೆಚ್ಚುಗೆಯಿಂದ ಕಲಿಯಲಾಗದ್ದನ್ನು ಹಿರಿಯರೊಬ್ಬರು ತಿರಸ್ಕರಿಸಿದ ಚಿತ್ರ ಕಲಿಸುತ್ತದೆ. ಸಲೋನ್‌ಗಳೆಂಬ ಸ್ಪರ್ಧಾ ಪ್ರದರ್ಶನಗಳಲ್ಲಿ ಚಿತ್ರಗಳು ಸ್ವೀಕೃತವಾಗುತ್ತ ಹೋದಂತೆ ಎಫ್‌ಐಎಪಿ ನೀಡುವ ಎಎಫ್‌ಐಎಪಿ, ಇಎಫ್‌ಐಎಪಿಯಂಥ ಮಾನ್ಯತೆಗಳು ಸಿಗುತ್ತವೆ. ಮಾನ್ಯತೆಯಿಂದ ಹೊಟ್ಟೆ ತುಂಬದು. ಪತ್ರಿಕೆಗಳು ಚಿತ್ರಕ್ಕೆ ಕೊಡುವ ಸಂಭಾವನೆ ಲೆನ್ಸಿನ ಕಂತಿಗೂ ಸಾಲದು. ಈ ಕ್ಷೇತ್ರದಲ್ಲಿ ಪೂರ್ಣಾವಧಿ ನಿಂತವರ ಆದಾಯ ಹೆಚ್ಚಾಗಿ ಬರುವುದು ಛಾಯಾಗ್ರಹಣ ಪ್ರವಾಸಗಳನ್ನು ನಡೆಸುವುದರಿಂದ, ಕಾರ್ಯಾಗಾರಗಳಿಂದ, ಸಾಕ್ಷ್ಯಚಿತ್ರಗಳಿಂದ. ಉಳಿದ ಬಹುಪಾಲು ಮಂದಿ ಬೇರೆ ನೌಕರಿಯಲ್ಲಿದ್ದುಕೊಂಡು ವಾರಾಂತ್ಯಕ್ಕೆ ಕಾಡಿನ ದಾರಿ ಹಿಡಿಯುವವರು. ಅವರ ಚಿತ್ರಗಳಿಗೆ ಇನ್ನೊಂದು ಬಳಕೆಯೂ ಇದೆ: ದಿನಾಂಕ, ಸ್ಥಳ, ಪ್ರಭೇದದ ಹೆಸರು ಸರಿಯಾಗಿ ಬರೆದು ಇ-ಬರ್ಡ್, ಐ-ನ್ಯಾಚುರಲಿಸ್ಟ್‌ನಂಥ ಆನ್‌ಲೈನ್ ದಾಖಲೆಗಳಿಗೆ ಸೇರಿಸಿದ ಚಿತ್ರ, ಸ್ಪರ್ಧೆಗೆ ಸಲ್ಲದಷ್ಟು ಮಸುಕಾಗಿದ್ದರೂ, ಹಕ್ಕಿ ಅಂದು ಅಲ್ಲಿತ್ತು ಎನ್ನುವುದಕ್ಕೆ ಸಂಶೋಧಕರಿಗೆ ಸಾಕ್ಷಿಯಾಗುತ್ತದೆ.