ಹೊಳೆಗೆ ಹೊರಡುವ ಮುಂಚೆ ಪೇಪರ್ ನೋಡಿ

ಬೇಸಿಗೆ ರಜೆ ಬಂತೆಂದರೆ ಮೈಸೂರಿನ ಮನೆಮನೆಯಲ್ಲೂ ಮಕ್ಕಳದು ಒಂದೇ ರಾಗ: "ತಾತಾ, ನೀರಿಗೆ ಹೋಗೋಣ." ಕಾರಿದ್ದರೆ ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆಯೊಳಗೆ ಮುಟ್ಟಬಹುದಾದ ನೀರು ನಮ್ಮ ಸುತ್ತ ಬೇಕಾದಷ್ಟಿದೆ. ಒಂದು ಕಡೆ ಕಾವೇರಿ, ಇನ್ನೊಂದು ಕಡೆ ಕಪಿಲೆ. ಬಲಮುರಿ, ಶ್ರೀರಂಗಪಟ್ಟಣದ ಸಂಗಮ, ನಂಜನಗೂಡು, ತಿ. ನರಸೀಪುರ, ತಲಕಾಡು. ಇದರಲ್ಲಿ ಯಾವುದಕ್ಕೆ ಹೋಗುವುದೆಂದು ಮಕ್ಕಳು ಮೊಬೈಲಿನಲ್ಲಿ ಫೋಟೊ ನೋಡಿ ಹೇಳುತ್ತಾರೆ. ನಾನು ಬೆಳಗಿನ ಪೇಪರ್ ನೋಡಿ ಹೇಳುತ್ತೇನೆ.

ನಮ್ಮ ಕನ್ನಡ ಪತ್ರಿಕೆಗಳ ಒಂದು ಮೂಲೆಯಲ್ಲಿ ಜಲಾಶಯಗಳ ಮಟ್ಟ ಅಂತ ಪುಟ್ಟ ಪಟ್ಟಿಯೊಂದು ಬರುತ್ತದೆ. ಇಂದಿನ ಮಟ್ಟ, ಒಳಹರಿವು, ಹೊರಹರಿವು. ಬ್ಯಾಂಕಿನಲ್ಲಿ ವರ್ಷಗಟ್ಟಲೆ ಲೆಡ್ಜರ್ ಬರೆದ ನನಗೆ ಅದು ಪಾಸ್ ಪುಸ್ತಕದ ಹಾಗೇ ಕಾಣುತ್ತದೆ. ಒಳಹರಿವು ಜಮಾ, ಹೊರಹರಿವು ಖರ್ಚು, ಮಟ್ಟವೇ ಬಾಕಿ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ. ಬಾಕಿ ಆ ಅಂಕಿಯ ಹತ್ತಿರ ಇದ್ದು, ಜಮಾ ದಿನೇ ದಿನೇ ಏರುತ್ತಿದ್ದರೆ ತುಂಬಿದ ಬಿಂದಿಗೆಗೆ ಮತ್ತೆ ನೀರು ಸುರಿದಂತೆ. ಗೇಟು ಯಾವ ಹೊತ್ತಿಗಾದರೂ ಎತ್ತಬಹುದು. ಅಂಥ ದಿನ ಅಣೆಕಟ್ಟೆಯ ಕೆಳಗಿನ ಹೊಳೆಗೆ ಮಕ್ಕಳನ್ನು ಇಳಿಸುವ ಮಾತೇ ಇಲ್ಲ.

ಮಕ್ಕಳೇ, ಹೊರಹರಿವನ್ನು ಕ್ಯೂಸೆಕ್ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಹದಿನಾಲ್ಕು ಲೀಟರ್ ಹಿಡಿಯುವ ಬಿಂದಿಗೆಯಾದರೆ ಎರಡು ಬಿಂದಿಗೆ. ಹೊರಹರಿವು 10,000 ಕ್ಯೂಸೆಕ್ ಎಂದು ಪತ್ರಿಕೆಯಲ್ಲಿದ್ದರೆ, ನೀವು ‘ಒಂದು’ ಎನ್ನುವಷ್ಟರಲ್ಲಿ ಇಪ್ಪತ್ತು ಸಾವಿರ ಬಿಂದಿಗೆ ನೀರು ಹೊರಟಿತು ಎಂದರ್ಥ. ಮಳೆ ಜೋರಾದ ವರ್ಷಗಳಲ್ಲಿ ಇದು ಲಕ್ಷ ಕ್ಯೂಸೆಕ್ ದಾಟಿದ್ದೂ ಉಂಟು. ಈ ಅಂಕಿಯಲ್ಲಿ ನಾಲೆಗೆ ಬಿಟ್ಟ ನೀರೂ ಸೇರಿರಬಹುದು. ಆದ್ದರಿಂದ ಒಂದು ದಿನದ ಅಂಕಿಯನ್ನಷ್ಟೇ ನೋಡಬೇಡಿ, ಮೂರು ದಿನದ್ದನ್ನು ಒಂದರ ಕೆಳಗೊಂದು ಬರೆದು ನೋಡಿ. ಏರುತ್ತಿದ್ದರೆ ಆ ವಾರ ಹೊಳೆ ಬೇಡ.

ತಲಕಾಡಿಗೆ ಹೋಗುವವರು ಎರಡು ಖಾತೆ ನೋಡಬೇಕು. ಕಪಿಲೆ ತಿ. ನರಸೀಪುರದಲ್ಲಿ ಕಾವೇರಿಗೆ ಸೇರುತ್ತಾಳೆ, ತಲಕಾಡು ಅದರ ಕೆಳಗಿದೆ. ಹಾಗಾಗಿ ಕೆ.ಆರ್.ಎಸ್. ಜೊತೆಗೆ ಕಬಿನಿಯ ಹೊರಹರಿವೂ ಅಲ್ಲಿಗೇ ಬರುತ್ತದೆ. ಕಬಿನಿಗೆ ನೀರು ಬರುವುದು ಕೇರಳದ ವಯನಾಡಿನಿಂದ. ನಂಜನಗೂಡಿನಲ್ಲಿ ಚುರುಗುಟ್ಟುವ ಬಿಸಿಲಿದ್ದರೂ ವಯನಾಡಿನಲ್ಲಿ ಮಳೆ ಬಿದ್ದರೆ ಕಪಿಲೆ ಏರುತ್ತಾಳೆ. ನಮ್ಮ ತಲೆಯ ಮೇಲಿನ ಆಕಾಶ ನೋಡಿ ಹೊಳೆಯ ಲೆಕ್ಕ ಹಾಕಲಾಗುವುದಿಲ್ಲ.

ಇನ್ನು ಜಾಗಗಳ ಮಾತು. ಚಿಕ್ಕ ಮಕ್ಕಳಿದ್ದರೆ ನನ್ನ ಮೊದಲ ಆಯ್ಕೆ ಬಲಮುರಿ, ಅದೂ ನೀರು ಕಡಿಮೆ ಇರುವ ದಿನಗಳಲ್ಲಿ. ಮೈಸೂರಿನಿಂದ ಕೆ.ಆರ್.ಎಸ್. ರಸ್ತೆಯಲ್ಲಿ ಹೋಗಿ ತಿರುಗಿದರೆ ಸಿಗುತ್ತದೆ. ಸಿನಿಮಾ ಹಾಡುಗಳಲ್ಲಿ ನೀವು ನೋಡಿರುತ್ತೀರಿ. ಹೊಳೆಗೆ ಅಡ್ಡವಾಗಿ ತಗ್ಗಾದ ಕಟ್ಟೆ, ಅದರ ಮೇಲಿಂದ ನೀರು ಬಿಳಿಯ ಪಂಚೆ ಹರಡಿದ ಹಾಗೆ ಇಳಿಯುತ್ತದೆ. ಕೆಳಗೆ ಕೂತು ಬೆನ್ನೊಡ್ಡಿದರೆ ಮೊಮ್ಮಕ್ಕಳಿಗೂ ಖುಷಿ, ತಾತನ ಸೊಂಟಕ್ಕೂ ಹಿತ. ಆದರೆ ಕಟ್ಟೆಯ ಮೇಲುಗಡೆ, ಕನ್ನಡಿಯ ಹಾಗೆ ನಿಂತ ನೀರಿದೆಯಲ್ಲ, ಅತ್ತ ಸುಳಿಯಕೂಡದು. ಅಲ್ಲಿ ಆಳ. ಕಟ್ಟೆಯ ಮೇಲೆ ನಡೆಯುವುದೂ ಬೇಡ, ಪಾಚಿ ಕಾಲನ್ನು ಎಳೆದೊಗೆಯುತ್ತದೆ. ಹೊಳೆ ತುಂಬಿದಾಗ ಅಲ್ಲಿ ಇಳಿಯಲು ಬಿಡುವುದಿಲ್ಲ. ಆಗ ಪೊಲೀಸರ ಜೊತೆ ವಾದಕ್ಕೆ ನಿಲ್ಲುವ ದೊಡ್ಡವರನ್ನು ಕಂಡಿದ್ದೇನೆ. ಮಕ್ಕಳೆದುರು ಅದೊಂದು ನಾಚಿಕೆಗೇಡು.

ಶ್ರೀರಂಗಪಟ್ಟಣದ ಸಂಗಮ ನೋಡಲು ಚೆನ್ನ, ಕಾಲು ತೊಳೆಯಲು ಚೆನ್ನ. ದ್ವೀಪವನ್ನು ಬಳಸಿ ಬಂದ ಕಾವೇರಿಯ ಎರಡು ಕವಲುಗಳು ಅಲ್ಲಿ ಮತ್ತೆ ಕೂಡುತ್ತವೆ. ಎರಡು ನೀರು ಸೇರುವ ಕಡೆ ಮೇಲೆ ಕಾಣದ ಸೆಳವು ಕೆಳಗಿರುತ್ತದೆ. ಈಜಲು ನಾನು ಅದನ್ನು ಆರಿಸುವುದಿಲ್ಲ. ಆ ಊರಿನ ಹತ್ತಿರದ ರಂಗನತಿಟ್ಟಿನಲ್ಲಿ ಮೊಸಳೆಗಳಿವೆ ಎನ್ನುವುದನ್ನು ಬೇರೆ ಹೇಳಬೇಕಿಲ್ಲ. ಆ ಸುತ್ತಿನ ನಿರ್ಜನ ದಡ ಎಷ್ಟೇ ಸುಂದರವಾಗಿದ್ದರೂ ಅಲ್ಲಿ ಚಾಪೆ ಹಾಸುವುದು ಬೇಡ. ನಂಜನಗೂಡಿನ ಸ್ನಾನಘಟ್ಟ ಮೆಟ್ಟಿಲು ಹಿಡಿದು ಮುಳುಗು ಹಾಕಲು ಸರಿ. ಕೊನೆಯ ಮೆಟ್ಟಿಲಿನಾಚೆ ಏನಿದೆಯೆಂದು ಕಾಣುವುದಿಲ್ಲವಾದ್ದರಿಂದ ಅದು ಈಜುವ ಜಾಗವಲ್ಲ.

ತಲಕಾಡಿನ ವಿಚಾರ ಬೇರೆ. ಬೇಸಿಗೆಯಲ್ಲಿ ಅಲ್ಲಿ ಹೊಳೆ ಅಗಲ, ತೆಳು, ಕಾಲಡಿಗೆ ಮೆತ್ತನೆಯ ಮರಳು. ಮಕ್ಕಳು ಇಡೀ ದಿನ ಆಡುತ್ತಾರೆ. ಮೋಸವಿರುವುದೂ ಆ ಮರಳಿನಲ್ಲೇ. ಪ್ರತಿ ಮಳೆಗಾಲದ ಪ್ರವಾಹ ಮರಳನ್ನು ಹೊಸದಾಗಿ ಜೋಡಿಸುತ್ತದೆ. ಹೋದ ವರ್ಷ ಮೊಣಕಾಲುದ್ದ ಇದ್ದ ಕಡೆ ಈ ವರ್ಷ ಆಳುದ್ದದ ಗುಂಡಿ ಇರಬಹುದು. ಅಲಮೇಲಮ್ಮನ ಶಾಪದ ಕಥೆಯಲ್ಲಿ ಮಾಲಂಗಿಯ ಮಡು ಬರುತ್ತದಲ್ಲ, ಆ ಮಾಲಂಗಿ ಇರುವುದು ಇಲ್ಲೇ. ಮಡು ಎಂದರೆ ಹೊಳೆಯಲ್ಲಿ ನೀರು ಆಳವಾಗಿ ನಿಂತ ಜಾಗ. ಶಾಪವನ್ನು ನಂಬಿ, ಬಿಡಿ, ಆ ಪದದ ಅರ್ಥ ಮಕ್ಕಳಿಗೆ ಗೊತ್ತಿರಲಿ. ಹಾಗೆಯೇ ಕೆಳಗಿನ ಮುತ್ತತ್ತಿಯಲ್ಲಿ ಹನುಮಂತ ಬಾಲದಿಂದ ಹೊಳೆಯನ್ನು ಕದಡಿ ಸೀತಮ್ಮನ ಮೂಗುತಿ ಹುಡುಕಿದ ಎನ್ನುತ್ತಾರೆ. ಅಲ್ಲಿ ಸುಳಿಗಳಿವೆ ಎಂದು ಹಿರಿಯರು ಕಥೆಯಲ್ಲೇ ಹೇಳಿಟ್ಟಿದ್ದಾರೆ. ಮುತ್ತತ್ತಿಗೆ, ಮೇಕೆದಾಟಿಗೆ ಹೋಗಿ ಕಣ್ತುಂಬ ನೋಡಿ, ಬುತ್ತಿ ಬಿಚ್ಚಿ ಊಟ ಮಾಡಿ, ವಾಪಸು ಬನ್ನಿ. ನೀರಿಗಿಳಿಯಬೇಡಿ.

ಜಾಗ ಮುಟ್ಟಿದ ಮೇಲೆ ಬಟ್ಟೆ ಬದಲಿಸುವ ಮುಂಚೆ ಹತ್ತು ನಿಮಿಷ ದಡದಲ್ಲಿ ಅಡ್ಡಾಡಿ. ಇಳಿಯುವ ದಾರಿ ಎಲ್ಲರಿಗೂ ಕಾಣುತ್ತದೆ, ಹತ್ತುವ ದಾರಿಯನ್ನು ಹುಡುಕಿಕೊಳ್ಳಿ. ಒಂದು ಒಣ ಎಲೆಯನ್ನು ನೀರಿಗೆ ಹಾಕಿ, ಪಕ್ಕದಲ್ಲಿ ಮಗುವನ್ನು ದಡದ ಮೇಲೆ ನಡೆಸಿ. ಎಲೆ ಮಗುವನ್ನು ಹಿಂದೆ ಹಾಕಿತೋ, ಅಲ್ಲಿ ಬೇಡ. ಈಜು ಬಲ್ಲ ದೊಡ್ಡವರೊಬ್ಬರು ಕೋಲು ಊರಿಕೊಂಡು ಮೊದಲು ಇಳಿದು ತಳ ನೋಡಬೇಕು. ಬಟ್ಟೆ ಒಗೆಯುವವರು, ದನ ತೊಳೆಯುವವರು, ತೆಪ್ಪದವರು ಇದ್ದರೆ ಅವರನ್ನು ಕೇಳಿ. ಅವರ ‘ಬ್ಯಾಡ’ಕ್ಕೆ ಎದುರು ಮಾತಿಲ್ಲ.

ಅಜ್ಜಿ-ತಾತಂದಿರಿಗೆ ಒಂದು ಮಾತು. ದಡದಲ್ಲಿ ಕೂತು ಕಾಯುವ ಕೆಲಸ ನಮ್ಮ ಪಾಲಿಗೆ ಬರುತ್ತದೆ. ಅದು ಪುರಿ ತಿನ್ನುತ್ತ ಮಾಡುವ ಕೆಲಸವಲ್ಲ. ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವಂತೆ ಕೈಬೀಸಿ ‘ಕಾಪಾಡಿ’ ಎಂದು ಕೂಗುವುದಿಲ್ಲ. ಉಸಿರಾಡುವುದೇ ಕಷ್ಟವಾದಾಗ ಕೂಗಲು ಉಸಿರೆಲ್ಲಿ? ಬಾಯಿ ನೀರಿನ ಮಟ್ಟದಲ್ಲಿ, ತಲೆ ಹಿಂದಕ್ಕೆ, ಸದ್ದೇ ಇಲ್ಲ. ಗಲಾಟೆ ಮಾಡುತ್ತಿದ್ದ ಮಗು ಸುಮ್ಮನಾದರೆ ತಕ್ಷಣ ಆ ಕಡೆ ನೋಡಿ. ಒಬ್ಬರು ಅರ್ಧ ಗಂಟೆ ಕಾಯಲಿ, ಆಮೇಲೆ ಇನ್ನೊಬ್ಬರು. ಕಾಯುವವರ ಫೋನು ಚೀಲದೊಳಗಿರಲಿ.

ಒಬ್ಬರನ್ನು ಉಳಿಸಲು ಹೋಗಿ ಮತ್ತಿಬ್ಬರು, ಮೂವರು ಹೋದರು ಎಂಬ ಸುದ್ದಿ ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ. ಮಕ್ಕಳೇ, ಗೆಳೆಯ ಮುಳುಗುತ್ತಿದ್ದರೆ ನೀವು ಹಾರಬಾರದು. ಜೋರಾಗಿ ಕೂಗಿ, ಏನಾದರೂ ಎಸೆಯಿರಿ. ಅಜ್ಜಿಯ ಸೀರೆ ಐದೂವರೆ ಮೀಟರ್, ಅಂದರೆ ಹದಿನೆಂಟು ಅಡಿಯ ಹಗ್ಗ. ಮುಚ್ಚಳ ಬಿಗಿಯಾಗಿ ಹಾಕಿದ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನು ಒಬ್ಬ ಹುಡುಗನನ್ನು ತೇಲಿಸಬಲ್ಲದು. ನಮ್ಮ ಕಾರಿನ ಡಿಕ್ಕಿಯಲ್ಲಿ ಎರಡು ಕ್ಯಾನು, ಒಂದು ಬಾವಿ ಹಗ್ಗ ಸದಾ ಇರುತ್ತವೆ. ಸೊಸೆ ನಗುತ್ತಾಳೆ, ನಗಲಿ. ಸಹಾಯಕ್ಕೆ ಕರೆಯುವ ಸಂಖ್ಯೆ 112.

ಈಜು ಕಲಿಯುವುದಕ್ಕೆ ಮಾತ್ರ ಹೊಳೆ ಬೇಡ. ಸರಸ್ವತಿಪುರಂನಲ್ಲಿ ವಿಶ್ವವಿದ್ಯಾನಿಲಯದ ಈಜುಕೊಳವಿದೆ. ಕೊಳದಲ್ಲಿ ನೀರು ಹರಿಯುವುದಿಲ್ಲ, ಆಳ ಇದ್ದಕ್ಕಿದ್ದಂತೆ ಬದಲಾಗುವುದಿಲ್ಲ, ಹೇಳಿಕೊಡುವವರು ಇರುತ್ತಾರೆ. ಆದರೆ ಕೊಳದಲ್ಲಿ ನಾಲ್ಕು ಸುತ್ತು ಹೊಡೆದ ಹುಡುಗ ಹೊಳೆಯಲ್ಲೂ ಹಾಗೇ ಹೊಡೆಯುತ್ತೇನೆಂದರೆ ಒಪ್ಪಬೇಡಿ. ಅವನೂ ಮೊದಮೊದಲು ಸೊಂಟದ ನೀರಿನಲ್ಲೇ ಇರಲಿ.

ಬೆಳಗ್ಗೆ ಬೇಗ ಹೊರಡಿ, ಮಧ್ಯಾಹ್ನ ಮೂರಕ್ಕೆಲ್ಲ ನೀರಿನಿಂದ ಹೊರಗೆ ಬನ್ನಿ. ಹೊತ್ತಿಳಿದ ಮೇಲೆ ಕೆಲವು ಕಡೆ ಬಾಟಲಿ ಹಿಡಿದ ಗುಂಪುಗಳು ಬರುತ್ತವೆ, ಗಾಜಿನ ಚೂರುಗಳನ್ನೂ ಬಿಟ್ಟು ಹೋಗುತ್ತವೆ. ಆದ್ದರಿಂದ ಮಕ್ಕಳ ಕಾಲಿಗೆ ಹಿಂದೆ ಪಟ್ಟಿಯಿರುವ ಚಪ್ಪಲಿ ಹಾಕಿಸಿ. ಪುಳಿಯೋಗರೆ, ಮೊಸರನ್ನ ಎರಡೂ ಇರಲಿ. ನೀರಾಡಿದ ಮಕ್ಕಳು ಮನೆಯಲ್ಲಿ ತಿನ್ನುವುದರ ಎರಡರಷ್ಟು ತಿನ್ನುತ್ತಾರೆ.