ಕೇಳುವವರು ಬೆಳೆಸಿದ ಕಥೆ

ಬಳ್ಳಾರಿ ಸೀಮೆಯಲ್ಲಿ ಸುಗ್ಗಿ ಮುಗಿದು ಕಾಳು ಮನೆ ಸೇರಿತೆಂದರೆ ಊರಾಚೆಯ ಬಯಲಲ್ಲಿ ಅಲೆಮಾರಿ ಬುಡ್ಗ ಜಂಗಮರ ಗುಡಾರಗಳು ಏಳುತ್ತಿದ್ದವು. ಹಗಲಲ್ಲಿ ಗಂಡಸರು ವೇಷ ಕಟ್ಟಿ ಬೀದಿ ಸುತ್ತಿದರೆ, ಹೆಂಗಸರು ಜೋಳಿಗೆ ಹಿಡಿದು ಮನೆಮನೆಗೆ ಹೋಗುತ್ತಿದ್ದರು. ಊರವರು ಉಂಡು ಕೈತೊಳೆದ ಮೇಲೆ ಗುಡಿಯ ಮುಂದೆ ತಂಬೂರಿ ಮಿಡಿಯುತ್ತಿತ್ತು. ಬುರ್ರಕಥೆ ಶುರುವಾಗುತ್ತಿತ್ತು.

ಮೇಳದಲ್ಲಿ ಮೂವರಿದ್ದರೆ ಸಾಕು. ನಡುವೆ ನಿಂತವರ ಹೆಗಲ ಮೇಲೆ ತಂಬೂರಿ, ಬೆರಳಿಗೆ ಒಳಗೆ ಗುಂಡು ಹಾಕಿದ ಟೊಳ್ಳು ಲೋಹದ ಬಳೆ. ಅದನ್ನು ತಟ್ಟಿದಾಗ ಹುಟ್ಟುವ ಝಣಝಣವೇ ತಾಳ. ಇಬ್ಬದಿಯಲ್ಲಿ ದಿಮ್ಮಿ ಬಾರಿಸುವ ಇಬ್ಬರು. ಮುಂದಿನವರು ಒಂದು ಸಾಲು ಹಾಡಿ ಎರಡು ಹೆಜ್ಜೆ ಮುಂದೆ ಬಂದರೆ, ಹಿಂದಿನವರು ಆ ಸಾಲಿನ ತುದಿಯನ್ನು ಎತ್ತಿಕೊಂಡು ‘ತಂದಾನ’ ಎನ್ನುತ್ತಾರೆ. ಈ ಹಿಮ್ಮೇಳ ಕಿವಿಗೆ ಹಿತವೆಂದಷ್ಟೇ ಬಂದದ್ದಲ್ಲ. ಹಿಂದಿನವರು ಎಳೆಯುವ ಆ ಒಂದು ಉಸಿರಿನಲ್ಲಿ ಕಥೆ ಹೇಳುವವರ ಮನಸ್ಸು ಮುಂದಿನ ಸಾಲು ಕಟ್ಟಿಕೊಳ್ಳುತ್ತದೆ. ಸಾವಿರಾರು ಸಾಲನ್ನು ಯಾರೂ ಬಾಯಿಪಾಠ ಮಾಡಿರುವುದಿಲ್ಲ. ಕಥೆಯ ನಡೆ ಗೊತ್ತಿರುತ್ತದೆ, ಕುದುರೆಯ ಸಿಂಗಾರಕ್ಕೆ, ರಾಣಿಯ ಉಡುಗೆಗೆ, ಯುದ್ಧಕ್ಕೆ ಹೊರಡುವ ದಂಡಿಗೆ ಪದಗಳ ಗೊಂಚಲು ನಾಲಗೆಯ ಮೇಲೆ ಸಿದ್ಧವಿರುತ್ತದೆ. ಕೇಳುವವರು ಎದ್ದು ಹೋಗುವಂತೆ ಕಂಡರೆ ದಂಡು ಬೇಗ ಹೊರಡುತ್ತದೆ. ತಲೆದೂಗುತ್ತಾ ಕೂತರೆ ಸಿಂಗಾರವೇ ಅರ್ಧ ರಾತ್ರಿ ಹಿಡಿಯುತ್ತದೆ. ಈ ಕಾವ್ಯಗಳ ಉದ್ದವನ್ನು ಹಾಡುವವರ ನೆನಪಿನ ಪವಾಡವೆಂದು ಹೊಗಳುವುದು ರೂಢಿ. ನನಗೆ ಅದರಲ್ಲಿ ಕೇಳುವವರ ಪಾಲೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ.

ಕಂಪಿಲಿಯ ರಾಜಕುಮಾರ ಕುಮಾರರಾಮನ ಕಥೆಯನ್ನೇ ನೋಡಿ. ಆಡುವಾಗ ಚೆಂಡು ಕಿರಿಯ ರಾಣಿ ರತ್ನಾಜಿಯ ಅರಮನೆಗೆ ಬೀಳುತ್ತದೆ, ತರಲು ರಾಮ ಒಳಗೆ ಹೋಗುತ್ತಾನೆ, ಮಲತಾಯಿ ಅವನ ಮೇಲೆ ಮನಸ್ಸು ಮಾಡುತ್ತಾಳೆ. ಅವನು ಒಪ್ಪದಾಗ ಗಂಡನ ಬಳಿ ಸುಳ್ಳು ದೂರು ಹೇಳಿ ತಲೆ ತೆಗೆಸಲು ಹೊರಡುತ್ತಾಳೆ. ಸರಿಯಾಗಿ ಇಲ್ಲಿ ತಂಬೂರಿ ನಿಲ್ಲುತ್ತದೆ, ಹಾಸಿದ ಬಟ್ಟೆಯ ಮೇಲೆ ಜೋಳವೋ ನಾಣ್ಯವೋ ಬೀಳಬೇಕು. ಬಿದ್ದ ಮೇಲೆ ಕೊಟ್ಟವರ ಹೆಸರನ್ನು ಹಾಡಿನಲ್ಲೇ ಸೇರಿಸಿ ಹರಸಿ ಕಥೆ ಮುಂದುವರಿಯುತ್ತದೆ. ಆ ಕಥೆ ದೂರದೂರಿನದೂ ಅಲ್ಲ. ಕಂಪ್ಲಿ, ಕುಮ್ಮಟದುರ್ಗ, ಸಂಡೂರಿನ ಗುಡ್ಡಗಳು ಅಲ್ಲೇ ಸುತ್ತಮುತ್ತ. 1327ರ ಸುಮಾರಿಗೆ ದೆಹಲಿಯ ತುಘಲಕನ ಸೇನೆಗೆ ಸೋತ ಕಂಪಿಲಿ ರಾಜ್ಯದ ನೆನಪು ಅದು. 16ನೇ ಶತಮಾನದಲ್ಲಿ ನಂಜುಂಡ ಕವಿ ಇದೇ ವೀರನ ಮೇಲೆ ಕಾವ್ಯ ಬರೆದ. ಓದು ಬಾರದ ಹಳ್ಳಿಗರಿಗೆ ಅದೇ ರಾಮನನ್ನು ಮುಟ್ಟಿಸಿದ್ದು ಮಾತ್ರ ಇಂಥ ಅಲೆಮಾರಿ ಹಾಡುಗಾರರು.

ಇವರ ಮನೆಮಾತು ತೆಲುಗು. ಗಡಿಸೀಮೆಯ ಊರುಗಳಲ್ಲಿ ಸುತ್ತುತ್ತಾ ಕಥೆ ಕನ್ನಡಕ್ಕೂ ಬಂತು. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು, ಎರಡೂ ನುಡಿ ಒಂದೇ ಸಂತೆಯಲ್ಲಿ ಓಡಾಡುತ್ತಿದ್ದ ಕಾಲ. ಅತ್ತ ಆಂಧ್ರದಲ್ಲಿ 1940ರ ದಶಕದಲ್ಲಿ ಪ್ರಜಾ ನಾಟ್ಯ ಮಂಡಲಿಯ ಶೇಖ್ ನಾಜರ್ ಇದೇ ಪ್ರಕಾರವನ್ನು ರಾಜಕೀಯ ವೇದಿಕೆಗೆ ತಂದರು. ಅದು ಎಷ್ಟು ಹರಿತವಾಗಿತ್ತೆಂದರೆ ಬ್ರಿಟಿಷರೂ ನಿಜಾಮರೂ ಬುರ್ರಕಥೆಯನ್ನು ನಿಷೇಧಿಸಿದರು. ಇತ್ತ ಬಳ್ಳಾರಿ ಕಡೆ ಅದು ಗುಡಾರದ ಜೊತೆಗೇ ಉಳಿಯಿತು.

ಆ ಗುಡಾರದಿಂದಲೇ ಬಂದವರು ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ. ಅಕ್ಷರ ಕಲಿಯದ ಈ ತಾಯಿ 12 ದೀರ್ಘ ಕಾವ್ಯಗಳನ್ನು ಹಾಡಬಲ್ಲವರಾಗಿದ್ದರು. ಕುಮಾರರಾಮ, ಬಾಲನಾಗಮ್ಮ, ಬಬ್ಬುಲಿ ನಾಗಿರೆಡ್ಡಿ ಅವರ ಕಂಠದಲ್ಲಿದ್ದವು. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಅವರ ಹಾಡು ಬರಹಕ್ಕಿಳಿಯಿತು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2003ರಲ್ಲಿ ನಾಡೋಜ. ಜೋಳಿಗೆ ಹಿಡಿದು ಬಾಗಿಲಲ್ಲಿ ನಿಂತವರ ಮಗಳಿಗೆ ನಾಡು ಸಲ್ಲಿಸಿದ ಈ ಗೌರವ ನೆನೆದರೆ ಈಗಲೂ ಮನಸ್ಸು ತುಂಬುತ್ತದೆ. 2014ರಲ್ಲಿ ಅವರು ತೀರಿಕೊಂಡರು.

ಪುಸ್ತಕ ಉಳಿದಿದೆ, ಅದು ದೊಡ್ಡ ಕೆಲಸವೇ. ಆದರೆ ಹಾಡುವವರನ್ನು ನಾವೀಗ ಕರೆಸುವ ರೀತಿಯೇ ಬೇರೆ. ಉತ್ಸವದ ವೇದಿಕೆಯಲ್ಲಿ ಅವರಿಗೆ ಸಿಗುವುದು ಅರ್ಧ ಗಂಟೆ, ಅಷ್ಟರಲ್ಲಿ ಸ್ತುತಿ ಮುಗಿದು ರಾಮ ಚೆಂಡಾಟಕ್ಕೆ ಹೊರಟಿದ್ದರೆ ಪುಣ್ಯ. ಎದುರಿಗೆ ಕೂತವರು ಮುಂದಿನ ಕಾರ್ಯಕ್ರಮಕ್ಕೆ ಕಾಯುತ್ತಿರುತ್ತಾರೆ. ಹೀಗೆ ಕೆಲವು ವರ್ಷ ನಡೆದರೆ ಮೇಳದ ಎಳೆಯರು ಅರ್ಧ ಗಂಟೆಗೆ ಬೇಕಾದಷ್ಟನ್ನೇ ಕಲಿಯುತ್ತಾರೆ, ಕಲಿಯದೆ ಬಿಟ್ಟದ್ದನ್ನು ಕೇಳುವವರೂ ಇರುವುದಿಲ್ಲ. ಜಾನಪದ ಅಕಾಡೆಮಿಯಾಗಲಿ ಗ್ರಾಮ ಪಂಚಾಯಿತಿಯಾಗಲಿ ವರ್ಷಕ್ಕೊಂದು ಊರನ್ನು ಆರಿಸಿಕೊಂಡು, ಸುಗ್ಗಿ ಕಳೆದ ಮೇಲೆ ಒಂದು ಮೇಳಕ್ಕೆ ಕಥೆ ಮುಗಿಯುವವರೆಗಿನ ಅಷ್ಟೂ ರಾತ್ರಿಗಳ ಸಂಭಾವನೆ ಕೊಡಲಿ. ಮೈಕು, ಸನ್ಮಾನ, ಭಾಷಣ ಬೇಡ. ಊಟ, ಉಳಿಯಲು ಜಾಗ, ಕೂತು ಕೇಳುವ ಊರು, ಇಷ್ಟಿದ್ದರೆ ಕಥೆ ಎಲ್ಲಿಯವರೆಗೆ ಹೋಗುತ್ತದೆಂದು ಅವರೇ ತೋರಿಸುತ್ತಾರೆ.